ಸರಾಸರಿ ಕೇಳಿದರೆ ಮೊದಲ ಮರವನ್ನು ತೋರಿಸಿತು

ಗೆಳೆಯರೇ, ಬೆಳಗಿನಿಂದ ತಲೆ ಕೆಟ್ಟುಹೋಗಿದೆ. ಬಿಳಿಗೆರೆ ತೋಟದ ಮೂರು ತೆಂಗಿನ ಮರಗಳಲ್ಲಿ ಅರವತ್ತು, ತೊಂಬತ್ತು, ನೂರಿಪ್ಪತ್ತು ಕಾಯಿ ಸಿಕ್ಕಿದ್ದವು. ಕಂಪ್ಯೂಟರಿನಲ್ಲಿ ಅಂಕಿಅಂಶ ಲೆಕ್ಕ ಮಾಡುವ ‘ಆರ್’ ಪ್ರೋಗ್ರಾಮಿನಲ್ಲಿ ಮೂರನ್ನೂ ಬರೆದು ಸರಾಸರಿ ಕೇಳಿದೆ. ಅರವತ್ತು ಎಂದಿತು. ನೂರಿಪ್ಪತ್ತನ್ನು ಮೊದಲು ಬರೆದೆ. ನೂರಿಪ್ಪತ್ತು ಎಂದಿತು.

ಇಣುಕಿ ನೋಡಿದ ಅಪ್ಪ, “ಮೂರೂ ಮರದ ಕಾಯೀನ ಒಂದೇ ಅಟ್ಟಕ್ಕೆ ಹಾಕಿದ್ಯೇನವ್ವ?” ಎಂದರು.

“ಇದ್ರಲ್ಲಿ ಅಟ್ಟ ಎಲ್ಲಿಂದ ಬತ್ತದಪ್ಪ?” ಎಂದು ರೇಗಿದೆ.

ಆಮೇಲೆ ಹೆಲ್ಪ್ ಪುಟ ಓದಿದೆ. ಅದು ಮೊದಲ ಸಂಖ್ಯೆಯನ್ನಷ್ಟೇ ಲೆಕ್ಕಕ್ಕೆ ಹಿಡಿದು, ಉಳಿದೆರಡನ್ನು ಲೆಕ್ಕ ಮಾಡುವ ವಿಧಾನದ ಸೂಚನೆ ಎಂದುಕೊಂಡಿತ್ತಂತೆ. ಮೂರನ್ನೂ ‘c( )’ ಎಂಬ ಆವರಣದೊಳಗೆ ಒಂದೇ ಪಟ್ಟಿಯಾಗಿ ಸೇರಿಸಿ ಕೊಟ್ಟೆ. ತೊಂಬತ್ತು ಎಂದಿತು.

“ಅಟ್ಟ ಸಿಕ್ತಾ?” ಎಂದರು ಅಪ್ಪ.

ಸಿಕ್ಕಿತು. ಆದರೆ ತಪ್ಪು ಉತ್ತರವನ್ನು ಅದು ಅಷ್ಟು ಧೈರ್ಯವಾಗಿ ಯಾಕೆ ಹೇಳಿತು ಎಂಬುದು ಇನ್ನೂ ಗೊತ್ತಾಗಿಲ್ಲ. ನಾಳೆ ಕಾಲೇಜಿನಲ್ಲಿ ಇದನ್ನು ಪಾಠ ಮಾಡಬೇಕಾದ ಮೇಡಂ ನಾನೇ.