ಮೂರು ಹತ್ತರ ಬಿಸಿಲು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮೊನ್ನೆ ಸರಿಯಾಗಿ ಅದೇ ಹೊತ್ತಿಗೆ ಮೊಮ್ಮಗಳು ನನ್ನ ಮಣಿಕಟ್ಟಿಗೆ ಹೊಸ ಗಡಿಯಾರವೊಂದನ್ನು ಕಟ್ಟಿದಳು. "ಕೈ ನೀಟುಂಗ ತಾತಾ" ಎಂದು ಕೈ ಚಾಚಲು ಹೇಳಿದಳು; ನಮ್ಮ ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಎಷ್ಟು ಹೊತ್ತು ನಿದ್ದೆ ಮಾಡಿದಿರೆಂದು ಅಳೆಯುವ ಗಡಿಯಾರವಂತೆ. ಪಟ್ಟಿ ಬಿಗಿಯಾದದ್ದೇ ತಡ, ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಅವಳು ನಕ್ಕಳು. ನಿಮಗೂ ನಗು ಬರಬಹುದು. ಸ್ವಲ್ಪ ತಾಳಿ.

ಎಪ್ಪತ್ತರ ದಶಕದ ಕೊನೆ. ಮದ್ರಾಸಿನ ಗಿಂಡಿಯಲ್ಲಿ ಡಬ್ಬಿಗಳ ಮುಚ್ಚಳ ಒತ್ತುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಎಂಜಿನಿಯರ್. ಆಗ ನನಗೆ ಟ್ರಾನ್ಸಿಸ್ಟರ್ ಜೋಡಿಸಿ ಏನಾದರೂ ಮಾಡುವ ಹುಚ್ಚು. ಕೀಲ್ಪಾಕಿನ ನಮ್ಮ ಮನೆಯ ಕರೆಗಂಟೆಯನ್ನೂ ಬಿಟ್ಟಿರಲಿಲ್ಲ. ನಾನು ಸುಧಾರಿಸಿದ ಮೇಲೆ ಅದು ನೆಂಟರು ಹೊರಟುಹೋದ ನಂತರ ಬಾರಿಸುತ್ತಿತ್ತು.

ತಗಡು ಒತ್ತಿ ಮುಚ್ಚಳ ಮಾಡುವ ಪ್ರೆಸ್ಸಿನ ಮುಂದೆ ಕೂರುತ್ತಿದ್ದವರು ಈರಣ್ಣ. ಅಜ್ಜನ ಕಾಲಕ್ಕೆ ಬಳ್ಳಾರಿ ಕಡೆಯಿಂದ ಬಂದು ಪುರಸೈವಾಕ್ಕಂನಲ್ಲಿ ನೆಲೆಸಿದ ಮನೆತನ. ಅವರ ಎರಡೂ ಮಣಿಕಟ್ಟಿಗೆ ತೊಗಲಿನ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗ ಬೆನ್ನ ಹಿಂದಿನ ಕೊಂಡಿಯ ಮೂಲಕ ಪ್ರೆಸ್ಸಿಗೆ. ಪೆಡಲ್ ತುಳಿದು ಪ್ರೆಸ್ ಇಳಿಯುತ್ತಿದ್ದಂತೆ, ಬೆರಳು ಸಿಕ್ಕಿಕೊಳ್ಳದ ಹಾಗೆ ಹಗ್ಗ ಕೈಗಳನ್ನು ಹಿಂದಕ್ಕೆ ಎಳೆಯುತ್ತಿತ್ತು. ನನಗದು ದನ ಕಟ್ಟಿಹಾಕಿದಂತೆ ಕಾಣುತ್ತಿತ್ತು. ಬದಲಿಗೆ ಒಂದು ಕಣ್ಣು ಮಾಡಿದೆ: ಈ ಬದಿಯಿಂದ ದೀಪದ ಕಿರಣ, ಆ ಬದಿಯಲ್ಲಿ ಅದನ್ನು ನೋಡುವ ಡಬ್ಬಿ. ಕೈ ಅಡ್ಡ ಬಂದರೆ, ಪೆಡಲ್ ತುಳಿದರೂ ಪ್ರೆಸ್ ಇಳಿಯದು. ವಾರವಿಡೀ ಬೆಳಿಗ್ಗೆ, ಕೆಲಸ ಶುರುವಾಗುವ ಮೊದಲು ಪರೀಕ್ಷಿಸಿದೆ. ಒಮ್ಮೆಯೂ ತಪ್ಪಲಿಲ್ಲ. ಹಗ್ಗ ಬಿಚ್ಚಿಸಿದೆ.

"ನಿಮ್ ಡಬ್ಬಿ ಬಾಳ ಓದಿಕೊಂಡೈತಿ ಬಿಡ್ರಿ ಸಾರ್" ಎಂದರು ಈರಣ್ಣ. ಮರುದಿನದಿಂದ ಅವರು ತುಂಬುತೋಳಿನ ಅಂಗಿ ತೊಟ್ಟು ಬರತೊಡಗಿದರು, ಮದ್ರಾಸಿನ ಮೇ ತಿಂಗಳಲ್ಲಿ!

"ಏನ್ರೀ ಈರಣ್ಣ, ಹೆಣ್ಣು ನೋಡೋಕೆ ಹೊರಟ್ರಾ?"

"ಹೂಂ ಸಾರ್, ನಿಮಗ ನೋಡಬೇಕಂತ ಮಾಡೇನಿ."

ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಮೂರು ಹತ್ತಕ್ಕೆ ನಾನು ಪಕ್ಕದಲ್ಲೇ ನಿಂತಿದ್ದೆ. ತಗಡು ವಾರೆಯಾಯಿತು. ಸರಿಪಡಿಸಲು ಈರಣ್ಣ ಬಲಗೈಯನ್ನು ಒಳಗಿಟ್ಟರು. ಕಾಲು ಪೆಡಲಿನ ಮೇಲೆ ಜಾರಿತು. ಇಳಿಯಬಾರದ ಪ್ರೆಸ್ ಧಡ್ ಎಂದು ಇಳಿಯಿತು. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರ ಕೈ ಪ್ರೆಸ್ಸಿನಿಂದ ದೂರ, ಐದೂ ಬೆರಳಿನೊಂದಿಗೆ, ಗಾಳಿಯಲ್ಲಿತ್ತು. ಸರಿದ ಅಂಗಿತೋಳಿನೊಳಗೆ ಅದೇ ಹಳೆಯ ಪಟ್ಟಿ; ಅದರಿಂದ ಹಿಂದಿನ ಕೊಂಡಿಗೆ ಎಣ್ಣೆ ಹಿಡಿದು ಕಪ್ಪಾದ ತೆಳು ಹಗ್ಗ. ಅಷ್ಟು ದಿನವೂ ನಾನು ನೋಡಿದ್ದು ನನ್ನ ಡಬ್ಬಿಯನ್ನು, ಅವರ ಕೈಯನ್ನಲ್ಲ.

"ನಿಮಗ ಬ್ಯಾಸರ ಆಗಬಾರದಂತ ಮುಚ್ಕೊಂಡಿದ್ನಿ ಸಾರ್" ಎಂದರು. ನನಗೆ ನೀರು ತಂದುಕೊಟ್ಟವರೂ ಅವರೇ. "ಕೈ ನಂದು, ನಡುಗಾಕತ್ತೋರು ನೀವೇನು?"

ಆಮೇಲೆ ಮೇಲಕ್ಕೆ ಬೆರಳು ತೋರಿಸಿದರು. "ವೆಯಿಲ್ ಸಾರ್, ವೆಯಿಲ್!" ಬಳ್ಳಾರಿ ಮಾತಿನ ನಡುವೆ ಬಿಸಿಲಿಗೆ ಮಾತ್ರ ಅವರ ಬಾಯಲ್ಲಿ ತಮಿಳು. ಸೂರಿನ ಒಡೆದ ಶೀಟಿನಿಂದ ಇಳಿದ ಬಿಸಿಲು ನೇರವಾಗಿ ಡಬ್ಬಿಯ ಕಣ್ಣಿಗೆ ಬಿದ್ದಿತ್ತು. ಕೈ ಅಡ್ಡ ಇದ್ದರೂ ಅದಕ್ಕೆ ಬೆಳಕೇ ಬೆಳಕು. ಬೆಳಗಿನ ಹೊತ್ತಷ್ಟೇ ಪರೀಕ್ಷಿಸಿದವನಿಗೆ ಮಧ್ಯಾಹ್ನದ ಸೂರ್ಯ ಹೊಳೆದಿರಲೇ ಇಲ್ಲ.

ಅಲ್ಲಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಸದ್ದು. ಪ್ರತಿ ಸಲವೂ ಹಗ್ಗವಿಲ್ಲದ ಕೈ. ಡಬ್ಬಿಯ ಕಣ್ಣಿಗೆ ಬಿಸಿಲು ತಾಗದಂತೆ ಕಪ್ಪು ತಗಡಿನ ಕೊಳವೆ ಕೂರಿಸಿದೆ, ಹಗ್ಗ ಮತ್ತೆ ಕಟ್ಟಿಸಿದೆ. ಆದರೂ ನಿದ್ದೆಯಿಲ್ಲ. ಹನ್ನೆರಡನೆಯ ದಿನ ಈರಣ್ಣ ತಮ್ಮ ಪಟ್ಟಿಗಳನ್ನು ನನ್ನ ಕೈಗೆ ಬಿಗಿದು, ತಮ್ಮ ಜಾಗದಲ್ಲಿ ಕೂರಿಸಿದರು. ಮೂರು ಹತ್ತು. ಬಿಸಿಲು ಬಿದ್ದಿತ್ತು.

"ಕೈ ಇಡ್ರಿ. ತುಳೀರಿ."

ತುಳಿದೆ. ಪ್ರೆಸ್ ಅಲುಗಲಿಲ್ಲ.

"ಕೈ ತಗೀರಿ. ತುಳೀರಿ."

ಪ್ರೆಸ್ ಇಳಿಯಿತು, ಹಗ್ಗ ನನ್ನ ಕೈಗಳನ್ನು ಭುಜದವರೆಗೂ ಹಿಂದಕ್ಕೆ ಜಗ್ಗಿತು.

"ಈಗ ಡಬ್ಬಿ, ಹಗ್ಗ ಇಬ್ರೂ ಕಾಯಾಕತ್ತಾರ. ಹೋಗಿ ಮಲಗ್ರಿ."

ಹೊಸ ಸಲಕರಣೆಗಳ ಮೇಲೆ ನನಗೆ ಇಂದಿಗೂ ಮುನಿಸಿಲ್ಲ. ಮೊಮ್ಮಗಳು ಫೋನಿಗೆ ಏನು ಹಾಕಿಕೊಟ್ಟರೂ ಬಳಸುತ್ತೇನೆ. ಇದನ್ನು ಯಾವ ಹೊತ್ತಿನಲ್ಲಿ ಪರೀಕ್ಷಿಸಿದರು, ತಪ್ಪಿದರೆ ಹಿಡಿಯುವ ಹಗ್ಗ ಯಾವುದು ಎಂದಷ್ಟೇ ಕೇಳುತ್ತೇನೆ. ಗಡಿಯಾರವನ್ನೂ ಬಿಚ್ಚಲಿಲ್ಲ. ಮರುದಿನ ಬೆಳಿಗ್ಗೆ ಅವಳು ಅದನ್ನು ನೋಡಿ, ನಾನು ಮೂರು ಸಲ ಎದ್ದೆನೆಂದಳು. ನಿಜವೇ. ಹಾಗಾದರೆ ನೀವು ಚೆನ್ನಾಗಿ ಮಲಗಿದ್ದು ಯಾವತ್ತು ತಾತಾ ಎಂದು ಕೇಳಿದಳು.

ಆ ಹನ್ನೆರಡನೆಯ ದಿನ. ರಾತ್ರಿ ಊಟ ಮಾಡಿ ಮಲಗಿದವನು ಎದ್ದದ್ದು ಬೆಳಗಿನ ಹಾಲಿನವನ ಕೂಗಿಗೆ. ಅಳೆಯಲು ಕೈಯಲ್ಲಿ ಏನೂ ಇರಲಿಲ್ಲ. ಮಣಿಕಟ್ಟಿನ ಸುತ್ತ ಈರಣ್ಣನವರ ಪಟ್ಟಿಯ ಕೆಂಪು ಗುರುತು ಮಾತ್ರ ಇನ್ನೂ ಮಾಸಿರಲಿಲ್ಲ.