ಗಿರಿಜಕ್ಕನ ಪುಟ ಕೇಳಿ ಬಂದವರು

ಬೆಳಿಗ್ಗೆ ಕಚೇರಿಗೆ ಬಂದು ಕೂತ ಕೂಡಲೇ ನಾನು ನೋಡುವುದು ಸರ್ವರ್ ಲಾಗ್. ನಮ್ಮ ವೆಬ್‌ಸೈಟಿಗೆ ಯಾರು ಬಂದರು, ಯಾವ ಪುಟ ಕೇಳಿದರು, ಏನು ಉತ್ತರ ಸಿಕ್ಕಿತು ಎಂದು ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಉತ್ತರವೆಂದರೆ ಮೂರಂಕಿಯ ಒಂದು ಸಂಖ್ಯೆ. ಇವತ್ತೂ ಆ ಸಾಲು ಕಣ್ಣಿಗೆ ಬಿತ್ತು. ಯಾರೋ ಗಿರಿಜಕ್ಕನ ಪುಟ ಕೇಳಿದ್ದಾರೆ, 404 ಎನ್ನಿಸಿಕೊಂಡು ಹೋಗಿದ್ದಾರೆ. ಯಾರೋ ಎಂದೆ, ಮನುಷ್ಯರಲ್ಲ, ಎಲ್ಲರ ಪುಟಗಳನ್ನೂ ತಡವಿಕೊಂಡು ತಿರುಗುವ ಸರ್ಚ್ ಎಂಜಿನ್. ಆದರೂ ಆ ಸಾಲನ್ನು ದಾಟಿ ಮುಂದಿನದನ್ನು ಓದಲಾಗಲಿಲ್ಲ.

ಈ ಅಂಕಿಗಳನ್ನು ಓದಲು ನನಗೆ ಕಲಿಸಿದವಳೇ ಗಿರಿಜಕ್ಕ. ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು, ನನ್ನ ಪಕ್ಕದ ಕುರ್ಚಿ. ನಾನೋ, ತೆರೆಯ ಮೇಲೆ ಕೆಂಪು ಅಕ್ಷರ ಕಂಡರೆ ಎದ್ದು ಚಹಾಕ್ಕೆ ಹೋಗುವ ಗಿರಾಕಿ. ಅವಳ ಲೆಕ್ಕದಲ್ಲಿ ವೆಬ್‌ಸೈಟ್ ಎಂದರೆ ಒಂದು ಮನೆ. 200 ಎಂದರೆ ಬಂದವರು ಉಂಡು ಹೋದರು. 301 ಎಂದರೆ ಮನೆ ಬದಲಾಯಿಸಿದ್ದಾರೆ, ಹೊಸ ವಿಳಾಸಕ್ಕೆ ಹೋಗಿ. 500 ಬಂದರೆ ಮಾತ್ರ ನನ್ನ ಕಡೆ ತಿರುಗುತ್ತಿದ್ದಳು: ಅಡುಗೆ ಸೀದಿದ್ದು ನಮ್ಮಲ್ಲೇ, ಬಂದವರ ತಪ್ಪಲ್ಲ. 404ಕ್ಕೂ 410ಕ್ಕೂ ಏನು ವ್ಯತ್ಯಾಸ ಎಂದು ಒಮ್ಮೆ ಕೇಳಿದ್ದೆ.

“404 ಅಂದ್ರೆ ಸಿಗ್ಲಿಲ್ಲ ಅಂತ, ತಮ್ಮ. ನಾಳೆ ಸಿಕ್ರೂ ಸಿಗಬೋದು. 410 ಅಂದ್ರೆ ಇತ್ತು, ಈಗಿಲ್ಲ, ಇನ್ನ ಕೇಳಾಕ ಬರಬ್ಯಾಡ್ರಿ ಅಂತ.”

ಹೋದ ವರ್ಷ ಜ್ವರವೆಂದು ಮಲಗಿದವಳು ಏಳಲಿಲ್ಲ. ಸಿಬ್ಬಂದಿಯ ಪುಟಗಳಲ್ಲಿ ಅವಳದನ್ನು ತೆಗೆಯಲು ಮಾಲೀಕರು ಹೇಳಿದರು, ತೆಗೆದೆ. 410 ಎಂದು ಬರೆಯಬೇಕಿತ್ತು, ಮನಸ್ಸು ಬರಲಿಲ್ಲ. ಹಾಗೆ ಬರೆದರೆ ಆ ಎಂಜಿನ್ ಕೂಡ ಕೇಳುವುದನ್ನು ಬಿಟ್ಟುಬಿಡುತ್ತದೆ. ನಗಬೇಡಿ, ಗಿರಿಜಕ್ಕನನ್ನು ಕೇಳಿಕೊಂಡು ಬರುವವರು ಯಾರಾದರೂ ಇರಲಿ ಎಂದು ನನ್ನ ಆಸೆ.

ಮೊನ್ನೆ ಭಾನುವಾರ ಹರಿಹರಕ್ಕೆ ಹೋಗಿ ಅವಳ ತಾಯಿಯನ್ನು ಮಾತಾಡಿಸಿಕೊಂಡು ಬಂದೆ. ನಾನಿರುವಾಗಲೇ ಉಕ್ಕಡಗಾತ್ರಿಯ ಹೆಂಗಸೊಬ್ಬಳು, ಸುದ್ದಿ ಗೊತ್ತಿಲ್ಲದವಳು, ಬಾಗಿಲಲ್ಲಿ ನಿಂತು ಗಿರಿಜಾ ಇದ್ದಾಳೇನು ಎಂದಳು. ತಾಯಿ ಇಲ್ಲ ಎನ್ನಲಿಲ್ಲ. ಬರ್ರಿ, ಕೂಡ್ರಿ ಎಂದು ಒಳಗೆ ಕರೆದು, ನೀರು ಕೊಟ್ಟು, ಕುಡಿದು ಮುಗಿಸುವವರೆಗೆ ಕಾದು, ಆಮೇಲೆ ಹೇಳಿದರು. ಇಬ್ಬರೂ ಅತ್ತರು. ಆಕೆ ಹೋದ ಮೇಲೆ ತಾಯಿ ಕಣ್ಣೊರೆಸಿಕೊಂಡು ನನ್ನತ್ತ ನೋಡಿದರು.

“ಬಾಗ್ಲಾಗೆ ನಿಂತೋರಿಗೆ ಹೇಳಬಾರ್ದಪ್ಪ. ಹಂಗಂತ ಹೇಳ್ದೇನೂ ಕಳಸಬಾರ್ದು.”

ಆ ಮಾತು ಬಸ್ಸಿನುದ್ದಕ್ಕೂ ನನ್ನ ಜೊತೆಗೇ ಬಂತು. ಇವತ್ತು ಲಾಗ್‌ನಲ್ಲಿ ಆ ಸಾಲು ಕಂಡದ್ದೇ 410 ಬರೆದೆ. ಅಂಕಿ ಯಂತ್ರಕ್ಕೆ, ಅದರ ಜೊತೆಗೆ ಮನುಷ್ಯರು ಓದಲೆಂದು ಒಂದು ಪುಟವನ್ನೂ ಕೊಡಬಹುದು. ಬನ್ನಿ, ಕುಳಿತುಕೊಳ್ಳಿ, ಗಿರಿಜಕ್ಕ ಇಲ್ಲಿ ಕೆಲಸ ಮಾಡುತ್ತಿದ್ದರು, ನಮಗೆಲ್ಲ ಕಲಿಸಿದರು, ಈಗ ಅವರಿಲ್ಲ ಎಂದು ಅದರಲ್ಲಿ ಬರೆದೆ. ಸರಿಯಾಗಿದೆಯೋ ಎಂದು ನೋಡಲು ನಾನೇ ಆ ಪುಟ ಕೇಳಿದೆ. ಲಾಗ್‌ನಲ್ಲಿ ಹೊಸ ಸಾಲು ಮೂಡಿತು: ನನ್ನ ಕಂಪ್ಯೂಟರಿನ ವಿಳಾಸ, ಅವಳ ಹೆಸರು, 410.

ಅವಳ ಮಣ್ಣಿಗೆ ಹೋದ ದಿನ ನಾನು ಅತ್ತಿರಲಿಲ್ಲ. ಇವತ್ತು ಕಚೇರಿಯವರೆಲ್ಲ ನೋಡುತ್ತಿದ್ದಂತೆಯೇ ಅತ್ತುಬಿಟ್ಟೆ.