ಎಡಗಡೆ ಸೀಟಿನ ತಲೆನೋವು

ಆ ವರ್ಷ ನನ್ನ ಕಾರು ಟ್ರ್ಯಾಕ್ಟರಿನ ಹಾಗೆ ಸದ್ದು ಮಾಡುತ್ತಿತ್ತು. ಸೈಲೆನ್ಸರ್ ಎಲ್ಲೋ ತೂತಾಗಿದೆ ಅಂತ ಗೊತ್ತಿತ್ತು. ಓಡುತ್ತಿದೆಯಲ್ಲ, ಓಡಲಿ ಅಂತ ಬಿಟ್ಟಿದ್ದೆ. ಒಬ್ಬನೇ ಇರುವವನ ಮನೆಯಲ್ಲಿ ಎಷ್ಟೋ ವಸ್ತುಗಳು ಹಾಗೇ ಇರುತ್ತವೆ. ನಲ್ಲಿ ಸೋರುತ್ತಿರುತ್ತದೆ, ಟ್ಯೂಬ್‌ಲೈಟು ಮಿಣುಕುತ್ತಿರುತ್ತದೆ, ಯಾರೂ ಕೇಳುವವರಿರುವುದಿಲ್ಲ.

ನಾನು ಮಂಡ್ಯದ ಕಡೆಯವನು. ಔಷಧಿ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿ ಚೆನ್ನೈಗೆ ಬಂದೆ, ಇಲ್ಲೇ ಮದುವೆಯಾದೆ. ಹೆಂಡತಿಯ ಮನೆಯವರು ಮೂರು ತಲೆಮಾರಿನಿಂದ ಇಲ್ಲಿರುವ ಕನ್ನಡದವರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಹನ್ನೆರಡು ವರ್ಷ ಜೊತೆಗಿದ್ದು, ಆಮೇಲೆ ಇಬ್ಬರಿಗೂ ಆಗಲಿಲ್ಲ. ಅವಳು ಮಗಳನ್ನು ಕರೆದುಕೊಂಡು ಕೀಲ್ಪಾಕಿನ ತಾಯಿಮನೆಗೆ ಹೋದಳು. ನಾನು ಪೋರೂರಿನಲ್ಲಿ ಎರಡು ಕೋಣೆಯ ಮನೆ ಹಿಡಿದೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮಗಳು ನನ್ನ ಜೊತೆ ಅಂತ ಮಾತಾಗಿತ್ತು. ವಾರದ ಉಳಿದ ದಿನಗಳೆಲ್ಲ ಆ ಎಂಟು ಗಂಟೆಯ ಕಡೆಗೆ ನಡೆಯುತ್ತಿದ್ದವು.

ಅವಳಿಗೆ ಆಗ ಹದಿಮೂರು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಕಾರಿನ ಸದ್ದು ಶುರುವಾದ ಮೇಲೆ ಒಂದು ಭಾನುವಾರ ಬಾಗಿಲು ಹಾಕಿಕೊಳ್ಳುತ್ತಲೇ, "ಕಾರ್ನರ್‌ಲಯೇ ನಿಪ್ಪಾಟ್ಟುಂಗಪ್ಪಾ, ಎಲ್ಲಾರುಂ ಪಾಕ್ಕುರಾಂಗ," ಅಂದಳು. ಬೀದಿ ಮೂಲೆಯಲ್ಲೇ ನಿಲ್ಲಿಸಿ, ಎಲ್ಲರೂ ನೋಡುತ್ತಾರೆ ಅಂತ. ನಾನು ನಕ್ಕೆ. ಮುಂದಿನ ವಾರದಿಂದ ಮೂಲೆಯಲ್ಲೇ ನಿಲ್ಲಿಸತೊಡಗಿದೆ.

ಆಮೇಲೆ ತಲೆನೋವು ಶುರುವಾಯಿತು. ಬೆಸೆಂಟ್ ನಗರದ ಬೀಚಿಗೆ ಹೋಗಿ ತಲುಪುವಷ್ಟರಲ್ಲಿ ಹಣೆ ಹಿಡಿದುಕೊಂಡು ಕೂತಿರುತ್ತಿದ್ದಳು. "ಏನು ಪುಟ್ಟಾ?" ಅಂದರೆ "ಒಣ್ಣುಮಿಲ್ಲೆ" ಅನ್ನುತ್ತಿದ್ದಳು. ಏನೂ ಇಲ್ಲ ಅಂತ. ಮಧ್ಯಾಹ್ನ ಊಟ ಬೇಡ. ವಾಂತಿ ಬರುವ ಹಾಗಾಗುತ್ತದೆ ಅನ್ನುವಳು. ಮೊಬೈಲ್ ನೋಡಿ ನೋಡಿ ಹೀಗಾಗಿದೆ ಅಂತ ನಾನು ಗದರಿದ್ದೂ ಉಂಟು. ಒಂದು ದಿನ ನಾಲ್ಕು ಗಂಟೆಗೇ "ಮನೆಗೆ ಬಿಡಿ" ಅಂದಳು. ಬಿಟ್ಟೆ. ವಾಪಸು ಬರುವಾಗ ನನಗೆ ಅನ್ನಿಸಿದ್ದು ಒಂದೇ: ಇವಳಿಗೆ ನನ್ನ ಜೊತೆ ಇರುವುದು ಬೇಜಾರಾಗಿದೆ, ಹೇಳಲಾರದೆ ತಲೆನೋವು ಅನ್ನುತ್ತಿದ್ದಾಳೆ.

ಆ ಬುಧವಾರ ಅವಳ ತಾಯಿ ಫೋನ್ ಮಾಡಿದಳು.

"ಈ ಭಾನುವಾರ ಬೇಡ ಬಿಡಿ. ಪ್ರತೀ ಸಲ ನಿಮ್ಮ ಜೊತೆ ಬಂದು ಹೋದ ಮೇಲೆ ಅವಳಿಗೆ ತಲೆವಲಿ. ಸೋಮವಾರ ಸ್ಕೂಲಿಗೆ ಹೋಗೋಕೇ ಆಗ್ತಿಲ್ಲ."

"ನನ್ನಿಂದ ತಲೆನೋವು ಬರ್ತದಾ?"

"ನಾನು ಹಾಗೆ ಹೇಳಲಿಲ್ಲ."

"ಮತ್ತೆ ಹೇಗೆ ಹೇಳಿದೆ? ನೀನೇ ಅವಳಿಗೆ ಹೇಳಿಕೊಟ್ಟಿದ್ದೀಯ."

ಅವಳು ಫೋನ್ ಇಟ್ಟಳು. ಆ ಭಾನುವಾರ ನಾನು ಹಾಸಿಗೆಯಿಂದ ಎದ್ದದ್ದು ಹನ್ನೊಂದಕ್ಕೆ. ಅನ್ನ ಮಾಡಿದೆ, ಸಾರು ಮಾಡಲಿಲ್ಲ. ಮೊಸರು ಕಲಸಿಕೊಂಡು ತಿಂದೆ. ಕಿಟಕಿಯಿಂದ ಕಾಣುವುದು ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿ ಮಾತ್ರ. ಅಲ್ಲಿ ಯಾರೋ ಒಗೆದ ಬಟ್ಟೆ ಹರವಿದರು, ಒಣಗಿತು, ತೆಗೆದರು. ಅಷ್ಟನ್ನೂ ನೋಡಿದೆ.

ನಮ್ಮ ಬೀದಿಯ ತುದಿಯಲ್ಲಿ ಕುಂದಾಪುರದ ಕಡೆಯವರ ಒಂದು ಸಣ್ಣ ಸಸ್ಯಾಹಾರಿ ಹೋಟೆಲಿದೆ. ಕ್ಯಾಶಿನಲ್ಲಿ ಕೂರುತ್ತಿದ್ದವರು ಅರವತ್ತು ದಾಟಿದ ಒಬ್ಬ ಹಿರಿಯರು. ದಿನಾ ಸಂಜೆ ನಾನು ಕನ್ನಡ ಮಾತಾಡುತ್ತಿದ್ದುದು ಅವರೊಬ್ಬರ ಹತ್ತಿರವೇ. ಮಂಗಳವಾರ ಸಂಜೆ ಅವರಿಗೆ ವಡಪಳನಿಗೆ ಹೋಗಬೇಕಿತ್ತು, ಆಟೊ ಸಿಕ್ಕಿರಲಿಲ್ಲ. ನಾನೇ ಬಿಡುತ್ತೇನೆ ಅಂದೆ. ಮಗಳು ಕೂರುತ್ತಿದ್ದ ಎಡಗಡೆ ಸೀಟಿನಲ್ಲಿ ಕೂತರು. ಟ್ರಾಫಿಕ್ಕಿನಲ್ಲಿ ಎ.ಸಿ. ಹಾಕಿಕೊಂಡು ಅರ್ಧ ಗಂಟೆ ನಿಂತು ನಿಂತು ಹೋದೆವು. ವಡಪಳನಿ ಹತ್ತಿರವಾಗುತ್ತಿದ್ದಂತೆ ಅವರು ಹಣೆ ಉಜ್ಜಿಕೊಂಡರು.

"ಎಂತ ಮಾರಾಯ್ರೆ, ನನಗೆ ತಲೆ ಭಾರ ಆಗ್ತಾ ಉಂಟು. ನಿಮಗೆ ವಾಸನೆ ಬರುದಿಲ್ವಾ? ಹೊಗೆ ಒಳಗೇ ಬರ್ತದೆ. ಇಲ್ಲಿ, ನನ್ನ ಕಾಲಬುಡದಿಂದ."

ನಾನು ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಅವರನ್ನು ಇಳಿಸಿ ಅವರ ಕಾಲಡಿಯ ಮ್ಯಾಟ್ ಎತ್ತಿದೆ. ಕಾರಿನ ತಳದಲ್ಲಿ ನಾಲ್ಕಾಣೆಯಷ್ಟಗಲದ ಒಂದು ರಂಧ್ರ. ಅದನ್ನು ಮುಚ್ಚುವ ರಬ್ಬರ್ ಬಿರಡೆ ಯಾವಾಗಲೋ ಬಿದ್ದುಹೋಗಿತ್ತು. ಅಲ್ಲಿಗೆ ಮುಖ ತಂದರೆ ಬಿಸಿಗಾಳಿ ತಾಗುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ರಸಾಯನಶಾಸ್ತ್ರದಲ್ಲಿ ಅನ್ನ ತಿನ್ನುತ್ತಿದ್ದೇನೆ. ಎಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ. ಇದನ್ನು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪ್ರತಿ ವರ್ಷ ನಾನೇ ಪಾಠ ಮಾಡುತ್ತೇನೆ. ನನಗೂ ಕೆಲವು ಸಂಜೆ ತಲೆ ಭಾರವಾಗುತ್ತಿತ್ತು, ಆಯಾಸ ಅಂದುಕೊಂಡಿದ್ದೆ. ಆ ರಸ್ತೆಬದಿಯಲ್ಲಿ ಮ್ಯಾಟ್ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಹಿರಿಯರು ಭುಜ ಮುಟ್ಟಿ, "ಎಂತ ಆಯ್ತು? ನನಗೆ ಎಂತದೂ ಆಗ್ಲಿಲ್ಲ, ಹೆದರ್ಬೇಡಿ," ಅಂದರು. ನಾನು ಅವರ ಬಗ್ಗೆ ಯೋಚಿಸುತ್ತಿರಲಿಲ್ಲ.

ಮರುದಿನ ಎಲ್ಲ ಕಿಟಕಿ ಇಳಿಸಿಕೊಂಡು ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಲಿಫ್ಟಿಗೆ ಏರಿಸಿ, ಸೈಲೆನ್ಸರಿಗೆ ಹೋಗುವ ಕೊಳವೆಯನ್ನು ಸ್ಕ್ರೂಡ್ರೈವರಿನಿಂದ ತಟ್ಟಿದ. ತುಕ್ಕು ಉದುರಿತು.

"ವೆಲ್ಡಿಂಗ್ ಮಾಡಿಬಿಡಿ," ಅಂದೆ ತಮಿಳಿನಲ್ಲಿ.

"ವೆಲ್ಡಿಂಗ್ ನಿಕ್ಕಾದು ಸಾರ್. ಅಪ್ಪಳಂ ಮಾದಿರಿ ಇರುಕ್ಕು." ವೆಲ್ಡಿಂಗ್ ನಿಲ್ಲುವುದಿಲ್ಲ, ಹಪ್ಪಳದ ಹಾಗೆ ತೆಳ್ಳಗಾಗಿದೆ, ಬೆಂಕಿ ತಾಗಿದರೆ ತೂತು ಇನ್ನೂ ದೊಡ್ಡದಾಗುತ್ತದೆ ಅಂತ. ಇಡೀ ಕೊಳವೆಯನ್ನೇ ಬದಲಾಯಿಸಬೇಕು. ಹಳೇ ಮಾಡೆಲ್, ತರಿಸಲು ಮೂರು ವಾರ. ಅಲ್ಲಿಯವರೆಗೆ ಏನಾದರೂ ಮಾಡಲಾಗುತ್ತದಾ ಅಂದೆ. ಶಾಖ ತಡೆಯುವ ಪುಟ್ಟಿ ಹಚ್ಚಿ, ತಗಡು ಸುತ್ತಿ ಕ್ಲಿಪ್ ಹಾಕಿದರೆ ಒಂದಿಷ್ಟು ದಿನ ನಿಲ್ಲುತ್ತದೆ, ಆದರೆ ಅಂಥ ಕೆಲಸ ನಾನು ಮಾಡುವುದಿಲ್ಲ, ಆಮೇಲೆ ನನ್ನ ಮೇಲೇ ಬರುತ್ತದೆ ಅಂದ. ಕೊಳವೆಗೆ ಆರ್ಡರ್ ಕೊಟ್ಟು, ತೇಪೆ ಕೆಲಸ ನಾನೇ ಮಾಡಿಕೊಳ್ಳುತ್ತೇನೆ ಅಂತ ಅವನ ಹತ್ತಿರವೇ ಎರಡು ಕಬ್ಬಿಣದ ಸ್ಟ್ಯಾಂಡ್ ಎರವಲು ತಂದೆ. ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಕಾರಿನಡಿ ಹೋಗಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದ.

ಪುಟ್ಟಿ, ಕ್ಲಿಪ್ಪು, ತಂತಿ ಬ್ರಷ್, ಎಮರಿ ಪೇಪರ್, ಎಲ್ಲ ಒಂದೇ ಅಂಗಡಿಯಲ್ಲಿ ಸಿಕ್ಕಿದವು. ತಗಡು ಹೋಟೆಲಿನದು. ಹಿರಿಯರು ಖಾಲಿ ಎಣ್ಣೆ ಡಬ್ಬವೊಂದನ್ನು ತೊಳೆಸಿ ಇಟ್ಟಿದ್ದರು. "ಅಂಚು ಕೈ ಕೊಯ್ತದೆ, ಜಾಗ್ರತೆ," ಅಂದರು.

ಶನಿವಾರ ಬೆಳಿಗ್ಗೆ ಕಟ್ಟಡದ ಹಿಂದಿನ ಬಯಲಿನಲ್ಲಿ ಕಾರು ನಿಲ್ಲಿಸಿದೆ. ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಮುಂಭಾಗ ಎತ್ತಿ, ಸ್ಟ್ಯಾಂಡ್ ಇಟ್ಟು, ಕಾರನ್ನು ಅಲುಗಾಡಿಸಿ ನೋಡಿ, ಹಳೇ ಚಾಪೆ ಹಾಸಿಕೊಂಡು ಅಡಿಗೆ ಸರಿದೆ. ಐವತ್ತರ ಹತ್ತಿರದ ವಯಸ್ಸಿನಲ್ಲಿ ಮೊದಲ ಸಲ ಕಾರಿನ ಹೊಟ್ಟೆ ನೋಡಿದ್ದು. ತಣ್ಣಗಿದ್ದ ಕೊಳವೆಗೆ ಸೋಪಿನ ನೀರು ಬಳಿದು, ಹೊರಗೆ ಬಂದು ಎಂಜಿನ್ ಶುರು ಮಾಡಿ, ದೂರದಿಂದಲೇ ಬಗ್ಗಿ ನೋಡಿದೆ. ಒಂದು ಕಡೆ ನೊರೆ ಉಕ್ಕಿತು. ಎಡಗಡೆ ಸೀಟಿನ ನೇರ ಕೆಳಗೆ. ಎಂಜಿನ್ ಆರಿಸಿದೆ.

ಅಲ್ಲಿಂದ ಮಧ್ಯಾಹ್ನದವರೆಗೆ ಉಜ್ಜುವುದೇ ಕೆಲಸ. ತುಕ್ಕು ಕಣ್ಣಿಗೆ ಬೀಳದಿರಲಿ ಅಂತ ಪ್ರಯೋಗಾಲಯದ ಕನ್ನಡಕ ಹಾಕಿಕೊಂಡಿದ್ದೆ. ಬಾಯಿಗೆ ಬೀಳುವುದು ತಪ್ಪಲಿಲ್ಲ. ಗಟ್ಟಿ ಲೋಹ ಹೊಳೆಯುವವರೆಗೆ ಉಜ್ಜದಿದ್ದರೆ ಪುಟ್ಟಿ ಹಿಡಿಯುವುದಿಲ್ಲ. ಕಿರುಬೆರಳು ಹೋಗುವಷ್ಟು ತೂತು, ಪಕ್ಕದಲ್ಲಿ ಒಂದು ಸೀಳು. ಅದರೊಳಗೆ ಪುಟ್ಟಿ ತುಂಬಿದೆ, ಸುತ್ತ ಬಳಿದೆ, ಕತ್ತರಿಸಿದ ತಗಡನ್ನು ಕೊಳವೆಗೆ ಸುತ್ತಿದೆ, ನಾಲ್ಕು ಕ್ಲಿಪ್ ಹಾಕಿ ಬಿಗಿದೆ. ಮೂರನೆಯದನ್ನು ಬಿಗಿಯುವಾಗ ಕೈ ಜಾರಿ ತಗಡಿನ ಅಂಚು ಹೆಬ್ಬೆರಳಿಗೆ ತಾಗಿತು. ರಕ್ತ ಒರೆಸಿಕೊಂಡು ಹಾಗೇ ಸ್ವಲ್ಪ ಹೊತ್ತು ಮಲಗಿದ್ದೆ. ಯಾರದೋ ಚಪ್ಪಲಿ ಕಾಲುಗಳು ಬಂದವು, ನಿಂತವು, ಏನೂ ಕೇಳದೆ ಹೋದವು. ಎರಡು ವರ್ಷದಿಂದ ಆ ಕಟ್ಟಡದಲ್ಲಿದ್ದೆ. ಆ ಕಾಲು ಯಾರದು ಅಂತ ನನಗೆ ಗೊತ್ತಿರಲಿಲ್ಲ, ಕಾರಿನಡಿ ಇರುವವನು ಯಾರು ಅಂತ ಅವರಿಗೂ ಗೊತ್ತಿರಲಿಲ್ಲ. ಆಗ ಅಳು ಬಂತು. ಗಾಯಕ್ಕಲ್ಲ. ಮಗು ಎರಡು ತಿಂಗಳು ವಿಷ ಕುಡಿಯುತ್ತಾ ಕೂತಿದ್ದಳು, ನಾನು ಅದನ್ನು ನನ್ನ ಮೇಲಿನ ಬೇಸರ ಅಂದುಕೊಂಡಿದ್ದೆ.

ತಳದ ರಂಧ್ರಕ್ಕೆ ಹೊಸ ರಬ್ಬರ್ ಬಿರಡೆ ಒತ್ತಿ ಕೂರಿಸಿದೆ. ಪುಟ್ಟಿ ಒಂದು ದಿನ ಒಣಗಬೇಕು. ಭಾನುವಾರ ಬಯಲಿನಲ್ಲೇ ಎಂಜಿನ್ ಶುರು ಮಾಡಿ ಕಾಯಿಸಿದೆ. ಮೊದಲು ಒಂದಿಷ್ಟು ಕಮಟು ಹೊಗೆ ಬಂತು, ಆಮೇಲೆ ನಿಂತಿತು. ಸದ್ದು ಇರಲಿಲ್ಲ. ಎಂಜಿನ್ ಆರಿಸಿ, ಕೊಳವೆ ತಣ್ಣಗಾದ ಮೇಲೆ ಮತ್ತೆ ಸೋಪಿನ ನೀರು ಬಳಿದು ಶುರು ಮಾಡಿ ನೋಡಿದೆ, ನೊರೆ ಇರಲಿಲ್ಲ. ಆಮೇಲೆ ಕೀಲ್ಪಾಕಿಗೆ ಫೋನ್ ಮಾಡಿದೆ.

"ಅವಳ ತಲೆನೋವು ನಿಜ," ಅಂದೆ. "ನನ್ನ ಕಾರಿಂದಲೇ ಬರ್ತಿತ್ತು. ಹೊಗೆ ಒಳಗೆ ಬರ್ತಿತ್ತು. ನಾನು ನೋಡ್ಕೊಳ್ಳಲಿಲ್ಲ. ನಿನಗೆ ಅಂದಿದ್ದೂ ತಪ್ಪು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಡಾಕ್ಟರಿಗೆ ತೋರಿಸ್ತೀನಿ. ಮುಂದಿನ ಭಾನುವಾರ ಬನ್ನಿ. ಕಿಟಕಿ ತೆಗೆದೇ ಇಡಿ," ಅಂದಳು.

ಡಾಕ್ಟರು ನೋಡಿ ಏನೂ ತೊಂದರೆಯಿಲ್ಲ ಅಂದರಂತೆ. ಮುಂದಿನ ಭಾನುವಾರ ಮಗಳು ಬಂದು ಅದೇ ಸೀಟಿನಲ್ಲಿ ಕೂತಳು. ಹಿಂದೆ ಕೂರು ಅಂದರೆ ಕೇಳಲಿಲ್ಲ. ನಾಲ್ಕೂ ಕಿಟಕಿ ತೆಗೆದಿದ್ದೆ. ಅವಳ ಕೂದಲು ಹಾರಾಡುತ್ತಿತ್ತು. ಅಡ್ಯಾರ್ ದಾಟುವಾಗ ಏನೋ ಕೇಳಿದೆ, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಕಣ್ಣು ಮುಚ್ಚಿದ್ದಾಳೆ, ತಲೆ ಒಂದು ಕಡೆ ವಾಲಿದೆ.

ಹೇಗೆ ಬ್ರೇಕ್ ಹಾಕಿದೆನೋ ಗೊತ್ತಿಲ್ಲ. ಹಿಂದಿನವರು ಬೈದುಕೊಂಡು ಹೋದರು. ಇಳಿದು ಓಡಿ ಬಂದು ಅವಳ ಕಡೆಯ ಬಾಗಿಲು ತೆಗೆದು ಎರಡೂ ಭುಜ ಹಿಡಿದು ಅಲುಗಾಡಿಸಿದೆ. "ಪುಟ್ಟಾ! ಪುಟ್ಟಾ, ಏಳು!"

ಅವಳು ಬೆಚ್ಚಿ ಕಣ್ಣು ಬಿಟ್ಟಳು. "ಎನ್ನಪ್ಪಾ! ತೂಂಗಿಟ್ಟಿರುಂದೇನ್!" ನಿದ್ದೆ ಮಾಡ್ತಿದ್ದೆ ಅಂತ.

"ತಲೆನೋವಾ?"

"ಇಲ್ಲಪ್ಪಾ. ನೇತ್ತು ರಾತ್ರಿ ಪ್ರಾಜೆಕ್ಟ್ ಮುಗಿಸೋಕೆ ಲೇಟ್ ಆಯ್ತು." ನಾನು ಅವಳ ಭುಜ ಇನ್ನೂ ಬಿಟ್ಟಿರಲಿಲ್ಲ. ಅದನ್ನು ನೋಡಿ, ಕನ್ನಡ, ತಮಿಳು, ಇಂಗ್ಲಿಷ್ ಎಲ್ಲ ಬೆರೆಸಿ, ಮೆತ್ತಗೆ ಅಂದಳು: "ನಾನು ಓಕೆ ಪಾ. ನಿಜವಾಗ್ಲೂ. ನೀವು ಕೂರ್ಕೊಳ್ಳಿ."

ಬೀಚಿನ ಗೋಡೆಯ ಮೇಲೆ ಕೂತು ಅವಳಿಗೆ ಎಲ್ಲ ಹೇಳಿದೆ. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ನಾನು ಅಂದುಕೊಂಡಿದ್ದನ್ನೂ ಹೇಳಿದೆ. ಅದನ್ನು ಹೇಳದೆಯೂ ಇರಬಹುದಿತ್ತು. ಅವಳು ಸಮುದ್ರ ನೋಡುತ್ತಾ ಜೋಳದ ತೆನೆ ತಿನ್ನುತ್ತಿದ್ದಳು.

"ನಾನೂ ನಿಮಗೆ ನನ್ನ ಮೇಲೆ ಕೋಪ ಅಂತ ನೆನಚ್ಚೆ," ಅಂದಳು, ಅಂದುಕೊಂಡಿದ್ದೆ ಅಂತ. "ಅದಕ್ಕೇ ಒಣ್ಣುಮಿಲ್ಲೆ ಅಂತಿದ್ದೆ."

ಆಮೇಲೆ ಏನು ರಿಪೇರಿ ಮಾಡಿದ್ದು ತೋರಿಸಿ ಅಂದಳು. ಪಾರ್ಕಿಂಗಿನಲ್ಲಿ ಇಬ್ಬರೂ ಮೊಣಕಾಲೂರಿ ಬಗ್ಗಿದೆವು. ಅವಳು ಮೊಬೈಲಿನ ಬೆಳಕು ಬಿಟ್ಟಳು. ಎಣ್ಣೆ ಡಬ್ಬದ ಚಿತ್ರ ಅಚ್ಚಾಗಿದ್ದ ಬದಿಯನ್ನು ನಾನು ಹೊರಗೆ ಮಾಡಿ ಸುತ್ತಿದ್ದೆ. ಕೊಳವೆಯ ಮೇಲೆ ಅರ್ಧ ಸೂರ್ಯಕಾಂತಿ ಹೂವು. ಅವಳು ನಗತೊಡಗಿದಳು, ಫೋಟೊ ತೆಗೆದಳು, ಮತ್ತೆ ನಕ್ಕಳು. ಅಷ್ಟು ನಕ್ಕಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಆ ತೇಪೆ ಕೊಳವೆ ಬರುವವರೆಗೂ ನಿಂತಿತು. ಮೂರು ವಾರ ಅಂದಿದ್ದು ಐದು ವಾರವಾಯಿತು. ಬಿಚ್ಚುವಾಗ ಮೆಕ್ಯಾನಿಕ್ ತಿರುಗಿಸಿ ತಿರುಗಿಸಿ ನೋಡಿ, ಪರವಾಗಿಲ್ಲ, ನೀಟಾಗಿ ಮಾಡಿದ್ದೀರಿ ಸಾರ್ ಅಂದ. ಆ ಮಾತನ್ನು ಹಿರಿಯರಿಗೆ ಹೇಳಬೇಕು ಅಂತ ಸಂಜೆ ಹೋಟೆಲಿಗೆ ಹೋದರೆ ಕ್ಯಾಶಿನಲ್ಲಿ ಬೇರೆ ಯಾರೋ ಕೂತಿದ್ದರು. ಹಿರಿಯರು ಬೆಳಿಗ್ಗೆಯೇ ಊರಿಗೆ ಹೋದರು, ಇನ್ನು ಬರುವುದಿಲ್ಲ, ಮಂಡಿನೋವು ಜಾಸ್ತಿಯಾಗಿತ್ತು ಅಂದರು.

ಈಗ ಮಗಳು ಹತ್ತನೇ ತರಗತಿ. ಭಾನುವಾರ ಟ್ಯೂಷನ್, ಟೆಸ್ಟು, ಗೆಳತಿಯರು. ತಿಂಗಳಿಗೆ ಒಂದು ಸಲ ಬರುತ್ತಾಳೆ, ಬಂದಾಗ ಸಂತೋಷವಾಗಿಯೇ ಇರುತ್ತಾಳೆ. ಬರಲಾಗದಿದ್ದಾಗ ಅವಳೇ ಫೋನ್ ಮಾಡಿ ಕಾರಣ ಹೇಳುತ್ತಾಳೆ. ನಾನು ನಂಬುತ್ತೇನೆ. ಫೋನ್ ಇಟ್ಟ ಮೇಲೆ ಬಟ್ಟೆ ಒಗೆದು ಹಾಕುತ್ತೇನೆ. ಬಿಸಿಲು ಇಳಿದ ಮೇಲೆ ಪೋರೂರು ಕೆರೆಯ ಕಡೆ ಒಂದು ಸುತ್ತು ನಡೆದು ಬರುತ್ತೇನೆ.